ಗೋಣಿಯಿಂದ ಡಬ್ಬದವರೆಗೆ: ಗೇರುಬೀಜ ಕಾರ್ಖಾನೆಯಲ್ಲಿ ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್ ಮಾಡುವ ಕ್ರಮ

ಕಾರ್ಕಳ, ಉಡುಪಿ, ಮಂಗಳೂರು ಸುತ್ತಮುತ್ತಲಿನ ಗೇರುಬೀಜ ಕಾರ್ಖಾನೆಗಳ ಮಾಲೀಕರಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಗೋದಾಮಿನಿಂದ ಹೊರತೆಗೆದ ಒಂದು ಗೋಣಿ ಬೀಜ ತಿರುಳಾಗಿ, ಡಬ್ಬ ಸೇರಿ, ಲಾರಿ ಏರಲು ಎಷ್ಟು ದಿನ ಬೇಕು? ನಾಲ್ಕೈದು ದಿನ ಎಂಬ ಉತ್ತರ ತಕ್ಷಣ ಬರುತ್ತದೆ. ಒಳಗೆ ಹೋಗಿ ಒಂದೊಂದು ವಿಭಾಗದ ನಡುವೆ ಕೂತಿರುವ ಮಾಲನ್ನು ಎಣಿಸಿ ಭಾಗಿಸಿ ನೋಡಿದರೆ ಎರಡು ವಾರವನ್ನೂ ದಾಟುತ್ತದೆ. ಮಾಲೀಕರು ಹೇಳುವುದು ಬೀಜದ ಮೇಲೆ ಕೆಲಸ ನಡೆಯುವ ಸಮಯವನ್ನು. ಬೀಜ ಕಾಯುತ್ತಾ ಕೂರುವ ಸಮಯ ಯಾರ ಪುಸ್ತಕದಲ್ಲೂ ಬರೆದಿರುವುದಿಲ್ಲ. ಆ ಬರೆಯದ ಸಮಯವನ್ನು ಕಾಗದದ ಮೇಲೆ ತರುವ ವಿಧಾನವೇ ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್, ಅಂದರೆ ಮೌಲ್ಯದ ಹರಿವಿನ ನಕ್ಷೆ.

ಜಪಾನಿನ ಟೊಯೋಟ ಕಂಪನಿಯಲ್ಲಿ ವಸ್ತು ಮತ್ತು ಮಾಹಿತಿ ಹರಿಯುವ ದಾರಿಯನ್ನು ಚಿತ್ರಿಸುವ ರೂಢಿಯಾಗಿ ಇದು ಬೆಳೆಯಿತು. ಅಲ್ಲಿನ ತೈಚಿ ಓನೊ ಅವರು ಕಾರ್ಖಾನೆಯ ಪೋಲನ್ನು ಏಳು ಬಗೆಯಾಗಿ ಗುರುತಿಸಿದ್ದರು: ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಅನಗತ್ಯ ಸಾಗಾಟ, ಅನಗತ್ಯ ಸಂಸ್ಕರಣೆ, ಅತಿಯಾದ ದಾಸ್ತಾನು, ಕೆಲಸಗಾರರ ಅನಗತ್ಯ ಓಡಾಟ, ದೋಷವುಳ್ಳ ಮಾಲು. ಇವುಗಳಲ್ಲಿ ಹೆಚ್ಚು ತಯಾರಿಸುವುದನ್ನೇ ಅವರು ಅತಿ ಕೆಟ್ಟದ್ದೆಂದು ಪರಿಗಣಿಸಿದರು, ಏಕೆಂದರೆ ಉಳಿದ ಆರೂ ಅದರ ಬೆನ್ನಿಗೇ ಬರುತ್ತವೆ. ಪೋಲು ತಗ್ಗಿಸುವ ಟೊಯೋಟದ ಈ ಪದ್ಧತಿಗೆ 'ಲೀನ್' ಎಂಬ ಹೆಸರು ಬಳಕೆಗೆ ಬಂದದ್ದು 1988ರಲ್ಲಿ. ಕಾರಿನ ಕಾರ್ಖಾನೆಗೆಂದು ರೂಪುಗೊಂಡ ವಿಧಾನವನ್ನು ಬೀಜದ ಫ್ಯಾಕ್ಟರಿಗೆ ಹಾಗೆಯೇ ತಂದು ಹಚ್ಚಲಾಗುವುದಿಲ್ಲ. ಗೇರುಬೀಜದಲ್ಲಿ ಕಾಯುವುದೆಲ್ಲ ಪೋಲಲ್ಲ. ಬೇಯಿಸಿದ ಬೀಜ ಆರಲೇಬೇಕು, ತಿರುಳು ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಒಣಗೂಡಿನಲ್ಲಿ, ಒಣಗಲೇಬೇಕು. ಬೀಜ ಹದಗೊಳ್ಳುವ ಸಮಯ ಯಾವುದು, ಸುಮ್ಮನೆ ಕೂತ ಸಮಯ ಯಾವುದು ಎಂದು ಬಿಡಿಸಿ ನೋಡುವುದರಲ್ಲೇ ಈ ಕೆಲಸದ ಜೀವಾಳವಿದೆ.

ಹೊರಡುವ ಮೊದಲು

ಮೊದಲು ನಕ್ಷೆಯ ಎಲ್ಲೆಯನ್ನು ಗೊತ್ತುಮಾಡಿಕೊಳ್ಳಬೇಕು. ನಮ್ಮ ಕರಾವಳಿಯ ಬೀಜ ಸಿಗುವುದು ಫೆಬ್ರವರಿಯಿಂದ ಮೇವರೆಗೆ. ಆಫ್ರಿಕಾದ ದೇಶಗಳಿಂದ ಬರುವ ಬೀಜಕ್ಕೂ ಅದರದೇ ಆದ ಹಂಗಾಮಿದೆ. ಹಾಗಾಗಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ದಾಸ್ತಾನು ಇರುವುದು ಅನಿವಾರ್ಯ. ಅದು ಖರೀದಿಯ ಮತ್ತು ಬಂಡವಾಳದ ಪ್ರಶ್ನೆಯಾದ್ದರಿಂದ ಮೊದಲ ನಕ್ಷೆಯಲ್ಲಿ ಅದನ್ನು ಹೊರಗಿಡುವುದು ಒಳ್ಳೆಯದು. ಗೋದಾಮಿನಿಂದ ಗೋಣಿ ಹೊರತೆಗೆದಲ್ಲಿಂದ ಲಾರಿಗೆ ಲೋಡ್ ಆಗುವವರೆಗೆ, ಗೋಡೆಗಳ ಒಳಗಿನ ದಾರಿಯನ್ನಷ್ಟೇ ಬರೆಯಿರಿ.

ಎರಡನೆಯದಾಗಿ, ಅಳತೆಯ ಒಂದು ಮಾನ ಬೇಕು. ಗೇರುಬೀಜ ದಾರಿಯುದ್ದಕ್ಕೂ ರೂಪ ಬದಲಿಸುತ್ತದೆ: ಒಂದು ಕಡೆ ಗೋಣಿ, ಇನ್ನೊಂದು ಕಡೆ ಟ್ರೇ, ಮತ್ತೊಂದು ಕಡೆ ಕ್ರೇಟ್, ಕೊನೆಗೆ 11.34 ಕಿಲೋದ ತಗಡಿನ ಡಬ್ಬ. ಪ್ರತಿ ವಿಭಾಗವೂ ತನ್ನದೇ ಲೆಕ್ಕ ಕೊಡುವುದರಿಂದ ಒಂದರ ಪಕ್ಕ ಇನ್ನೊಂದನ್ನು ಇಟ್ಟು ಹೋಲಿಸುವುದೇ ಕಷ್ಟ. ನಾನು ಎಲ್ಲವನ್ನೂ ಗೋಣಿಗೆ ಪರಿವರ್ತಿಸುತ್ತೇನೆ. 80 ಕಿಲೋದ ಒಂದು ಗೋಣಿಯಿಂದ ಕಟ್ಟಿಂಗ್, ಅಂದರೆ ಗಟ್ಟಿ ಹೊರಚಿಪ್ಪು ಒಡೆಯುವ ಕೆಲಸ, ಆದ ಮೇಲೆ ಸಿಪ್ಪೆಸಹಿತ ತಿರುಳು 23 ಕಿಲೋ, ಸಿಪ್ಪೆ ಸುಲಿದ ಮೇಲೆ 20 ಕಿಲೋ ಸಿಗುತ್ತದೆಂದು ಇಟ್ಟುಕೊಂಡರೆ, ಸಿಪ್ಪೆ ಸುಲಿಯುವ ಪೀಲಿಂಗ್ ವಿಭಾಗದಲ್ಲಿ ಕಾಯುತ್ತಿರುವ 460 ಕಿಲೋ ತಿರುಳು 20 ಗೋಣಿಗೆ ಸಮ. ಇಳುವರಿ ಬೀಜದ ಊರಿನಿಂದ ಊರಿಗೆ ಬೇರೆಯಾಗುತ್ತದೆ; ನಿಮ್ಮ ರೈಟರ (ಲೆಕ್ಕ ಬರೆಯುವ ಗುಮಾಸ್ತರ) ಪುಸ್ತಕದಲ್ಲಿರುವ ಕಳೆದ ತಿಂಗಳ ಅಂಕಿಯನ್ನೇ ಬಳಸಿ.

ಮೂರನೆಯದು ಇವೆರಡಕ್ಕಿಂತ ಮುಖ್ಯ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಒಳಗೆ ಹೋಗುವ ಮುನ್ನ ಅಲ್ಲಿ ಕೆಲಸ ಮಾಡುವವರಿಗೆ ಯಾಕೆ ಬಂದಿದ್ದೇವೆಂದು ಹೇಳಬೇಕು. ಬಹಳ ವರ್ಷಗಳ ಹಿಂದೆ ಒಂದು ಕಾರ್ಖಾನೆಯಲ್ಲಿ ನಾನು ಯಾರಿಗೂ ಏನೂ ಹೇಳದೆ ಪೀಲಿಂಗ್ ಮೇಜಿನ ಬದಿಯಲ್ಲಿ ನಿಂತು ಸಮಯ ಬರೆದುಕೊಳ್ಳತೊಡಗಿದೆ. ಅರ್ಧ ಗಂಟೆಯೊಳಗೆ ಇಡೀ ವಿಭಾಗದಲ್ಲಿ ಮಾತು ನಿಂತಿತ್ತು. ತಮ್ಮ ಕೂಲಿಯ ದರ ಕಡಿಮೆ ಮಾಡಲು ಆಫೀಸಿನವರು ಜನ ಕಳಿಸಿದ್ದಾರೆ ಎಂದು ಅವರು ತಿಳಿದಿದ್ದರು. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರು ಹಾಗೆ ತಿಳಿದದ್ದರಲ್ಲಿ ತಪ್ಪೇನಿಲ್ಲ. ಅಂದು ಬರೆದುಕೊಂಡ ಒಂದು ಅಂಕಿಯೂ ಉಪಯೋಗಕ್ಕೆ ಬರಲಿಲ್ಲ. ಈಗ ನಾನು ಮೊದಲ ದಿನ ವಾಚನ್ನು ಹೊರಗೆ ತೆಗೆಯುವುದೇ ಇಲ್ಲ. ಅಳೆಯುತ್ತಿರುವುದು ಬೀಜ ಕಾಯುವ ಸಮಯವನ್ನು, ನಿಮ್ಮ ಕೈಯ ವೇಗವನ್ನಲ್ಲ ಎಂದು ವಿವರಿಸುತ್ತೇನೆ. ಇದರಿಂದ ಯಾರ ದಿನದ ಗಳಿಕೆಯೂ ತಗ್ಗುವುದಿಲ್ಲ ಎಂಬ ಮಾತನ್ನು ಮಾಲೀಕರ ಬಾಯಿಂದಲೇ ಹೇಳಿಸುತ್ತೇನೆ. ಆ ಮಾತು ಕೊಡಲು ಮಾಲೀಕರು ಸಿದ್ಧರಿಲ್ಲದಿದ್ದರೆ ನಕ್ಷೆಯ ಕೆಲಸವನ್ನು ಆರಂಭಿಸದಿರುವುದೇ ಮೇಲು.

ಕೊನೆಯಿಂದ ಹಿಂದಕ್ಕೆ ನಡೆಯುವುದು

ಒಂದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ಕಂಪ್ಯೂಟರಿನಲ್ಲಿ ಬರೆದ ಅಂದವಾದ ನಕ್ಷೆಯನ್ನು ತಿದ್ದಲು ಯಾರಿಗೂ ಮನಸ್ಸು ಬರುವುದಿಲ್ಲ, ಪೆನ್ಸಿಲಿನದಾದರೆ ಮೇಸ್ತ್ರಿಯೂ ಕೈಹಾಕಿ ತಿದ್ದುತ್ತಾರೆ. ಹಾಳೆಯ ಬಲಗಡೆಯ ಮೇಲ್ಮೂಲೆಯಲ್ಲಿ ಗ್ರಾಹಕರನ್ನೂ, ಎಡಗಡೆಯ ಮೇಲ್ಮೂಲೆಯಲ್ಲಿ ಬೀಜ ಒದಗಿಸುವವರನ್ನೂ, ನಡುವೆ ಆಫೀಸನ್ನೂ ಬರೆಯಿರಿ. ಕೆಳಗಿನ ಅರ್ಧದಲ್ಲಿ ಕೆಲಸದ ಹಂತಗಳು ಎಡದಿಂದ ಬಲಕ್ಕೆ ಸಾಲಾಗಿ ಬರುತ್ತವೆ.

ನಡೆಯುವುದನ್ನು ಮಾತ್ರ ಲಾರಿ ನಿಲ್ಲುವ ಜಾಗದಿಂದ ಶುರುಮಾಡಿ, ಹೊಳೆಯ ವಿರುದ್ಧ ಈಜುವಂತೆ ಹಿಂದಕ್ಕೆ ಬನ್ನಿ: ಪ್ಯಾಕಿಂಗ್, ತಿರುಳನ್ನು ದರ್ಜೆವಾರು ವಿಂಗಡಿಸುವ ಗ್ರೇಡಿಂಗ್, ಪೀಲಿಂಗ್, ಬೋರ್ಮಾ, ಕಟ್ಟಿಂಗ್, ಬೇಯಿಸುವ ಬಾಯ್ಲರ್, ಗಾತ್ರವಾರು ಬೇರ್ಪಡಿಸುವ ಯಂತ್ರ. ಗ್ರಾಹಕರ ಕಡೆಯಿಂದ ಹೊರಟರೆ ಪ್ರತಿ ಹಂತದಲ್ಲೂ 'ಇದನ್ನು ಯಾರು ಕೇಳಿದರು' ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಗೋದಾಮಿನಿಂದ ಹೊರಟರೆ ಆ ಪ್ರಶ್ನೆ ಹೊಳೆಯುವುದಿಲ್ಲ, 'ಮುಂದೇನು' ಎಂದಷ್ಟೇ ಕೇಳುತ್ತಾ ಹೋಗುತ್ತೇವೆ.

ಪ್ರತಿ ಹಂತಕ್ಕೊಂದು ಚೌಕ ಬರೆದು, ಅದರ ಕೆಳಗೆ ಎಷ್ಟು ಜನ, ಎಷ್ಟು ಯಂತ್ರ, ಒಂದು ಗೋಣಿಗೆ ಎಷ್ಟು ನಿಮಿಷ, ದಿನಕ್ಕೆ ಎಷ್ಟು ಹೊತ್ತು ಯಂತ್ರ ಕೆಟ್ಟು ನಿಲ್ಲುತ್ತದೆ, ನೂರರಲ್ಲಿ ಎಷ್ಟು ಒಡೆಯುತ್ತದೆ ಎಂದು ದಾಖಲಿಸಿ. ಎರಡು ಚೌಕಗಳ ನಡುವೆ ಒಂದು ತ್ರಿಕೋನ ಬರೆದು, ಅಲ್ಲಿ ಆ ಕ್ಷಣ ಕಾಯುತ್ತಿರುವ ಮಾಲನ್ನು ಕಣ್ಣಾರೆ ಎಣಿಸಿ ಗೋಣಿಯ ಲೆಕ್ಕದಲ್ಲಿ ಬರೆಯಿರಿ. ಪುಸ್ತಕದ ಅಂಕಿ ಬೇಡ. ಮೆಟ್ಟಿಲ ಕೆಳಗೆ, ಹಳೆಯ ಯಂತ್ರದ ಹಿಂದೆ ಸೇರಿಕೊಂಡ ಕ್ರೇಟುಗಳು ಪುಸ್ತಕದಲ್ಲಿ ಇರುವುದಿಲ್ಲ.

ಮಾಹಿತಿಯ ಹರಿವನ್ನು ಹಲವರು ಬಿಟ್ಟುಬಿಡುತ್ತಾರೆ. ಇವತ್ತು ಎಷ್ಟು ಬೇಯಿಸಬೇಕು ಎಂದು ಬಾಯ್ಲರಿನವರಿಗೆ ಹೇಳುವವರು ಯಾರು? ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುವ ಸಂದೇಶವೇ, ಮೇಸ್ತ್ರಿಯ ಅಂದಾಜೇ, ಇಲ್ಲ ಖಾಲಿ ಇರುವ ಜಾಗವೇ? ಪ್ರತಿ ವಿಭಾಗವೂ ಆಫೀಸಿನಿಂದ ನೇರವಾಗಿ ತನ್ನದೇ ಗುರಿ ಪಡೆದು, ಮುಂದಿನವರಿಗೆ ಬೇಕೋ ಬೇಡವೋ ನೋಡದೆ ಮಾಡಿ ಮುಂದಕ್ಕೆ ತಳ್ಳುತ್ತಿದ್ದರೆ, ಆಫೀಸಿನಿಂದ ಹೊರಡುವ ಬಾಣಗಳು ಕಾಗದದ ಮೇಲೆ ಜೇಡನ ಬಲೆಯಂತೆ ಕಾಣಿಸುತ್ತವೆ. ತ್ರಿಕೋನಗಳು ಉಬ್ಬಲು ಈ ಬಾಣಗಳು ಯಂತ್ರದ ಸಾಮರ್ಥ್ಯಕ್ಕಿಂತ ಹೆಚ್ಚು ಕಾರಣ.

ಲೆಕ್ಕ

ಒಂದು ಮಾದರಿ ಕಾರ್ಖಾನೆಯನ್ನು ಇಟ್ಟುಕೊಂಡು ಲೆಕ್ಕ ಮಾಡೋಣ. ತಿಂಗಳಿಗೆ 25 ಕೆಲಸದ ದಿನ, 20,000 ಕಿಲೋ ತಿರುಳಿಗೆ ಬೇಡಿಕೆ. ಅಂದರೆ ದಿನಕ್ಕೆ 800 ಕಿಲೋ, ಗೋಣಿಯ ಲೆಕ್ಕದಲ್ಲಿ 40. ಬೆಳಿಗ್ಗೆ 8.30ರಿಂದ ಸಂಜೆ 5.30ರವರೆಗಿನ 540 ನಿಮಿಷಗಳಲ್ಲಿ ಊಟ, ಎರಡು ಚಹಾ, ಕೊನೆಯ ಸ್ವಚ್ಛತೆ ಕಳೆದರೆ 450 ನಿಮಿಷ ಉಳಿಯುತ್ತದೆ. 450ನ್ನು 40ರಿಂದ ಭಾಗಿಸಿದರೆ 11.25. ಇದೇ ಟ್ಯಾಕ್ಟ್ ಸಮಯ: ಪ್ರತಿ 11 ನಿಮಿಷ 15 ಸೆಕೆಂಡಿಗೆ ಗ್ರಾಹಕರು ಒಂದು ಗೋಣಿಯ ತಿರುಳನ್ನು ಕೇಳುತ್ತಿದ್ದಾರೆ ಎಂದು ಅರ್ಥ. ಟ್ಯಾಕ್ಟ್ ಎಂಬ ಜರ್ಮನ್ ಪದಕ್ಕೆ ಸಂಗೀತದಲ್ಲಿ ತಾಳವೆಂಬ ಅರ್ಥವಿದೆ, ಮತ್ತು ಕಾರ್ಖಾನೆಯೊಳಗೂ ಅದು ತಾಳವೇ. ಇದಕ್ಕಿಂತ ನಿಧಾನವಾಗುವ ಹಂತ ಹಿಂದೆ ಬೀಳುತ್ತದೆ, ಬಹಳ ವೇಗವಾಗಿ ಓಡುವ ಹಂತ ಮುಂದಿನವರ ಮುಂದೆ ರಾಶಿ ಹಾಕುತ್ತದೆ.

ಈಗ ಹಂತಗಳನ್ನು ಈ ತಾಳಕ್ಕೆ ಹೋಲಿಸಿ. ಕಟ್ಟಿಂಗ್ ಯಂತ್ರ ಒಂದು ಗೋಣಿಗೆ 40 ನಿಮಿಷ ತೆಗೆದುಕೊಂಡರೂ ನಾಲ್ಕು ಯಂತ್ರಗಳಿರುವುದರಿಂದ 10 ನಿಮಿಷಕ್ಕೊಂದು ಗೋಣಿ ಮುಗಿಯುತ್ತದೆ, ಸರಿಯಾಗಿದೆ. ಪೀಲಿಂಗಿನಲ್ಲಿ ಯಂತ್ರದಿಂದ ಹೊರಬಂದ ಮೇಲೂ ಸಿಪ್ಪೆ ಬಿಡದ ತಿರುಳನ್ನು ಕೈಯಲ್ಲಿ ಸುಲಿದು ಮುಗಿಸಲು ಒಂದು ತಂಡಕ್ಕೆ ಗೋಣಿಯೊಂದಕ್ಕೆ 60 ನಿಮಿಷ ಬೇಕು. ಐದು ತಂಡಗಳಿದ್ದರೆ 12 ನಿಮಿಷ. ಇದು ತಾಳ ತಪ್ಪಿದ ಜಾಗ. 450 ನಿಮಿಷಗಳಲ್ಲಿ ಅಲ್ಲಿ ಮುಗಿಯುವುದು ಮೂವತ್ತೇಳೂವರೆ ಗೋಣಿ, ಹಿಂದಿನಿಂದ ಬರುವುದು 40. ವಾರದ ಆರು ದಿನಕ್ಕೆ 15 ಗೋಣಿ ಉಳಿದು, ಭಾನುವಾರದ ಓವರ್‌ಟೈಮಿನಲ್ಲಿ ಅದನ್ನು ಕರಗಿಸಲು ಹೆಣಗಬೇಕಾಗುತ್ತದೆ.

ತ್ರಿಕೋನಗಳ ಲೆಕ್ಕ ಇನ್ನಷ್ಟು ಸುಲಭ. ಕಾಯುತ್ತಿರುವ ಗೋಣಿಗಳನ್ನು ದಿನದ 40ರಿಂದ ಭಾಗಿಸಿದರೆ ಅಲ್ಲಿ ಬೀಜ ಎಷ್ಟು ದಿನ ಕೂರುತ್ತದೆ ಎಂದು ತಿಳಿಯುತ್ತದೆ. ಬೇಯಿಸುವ ಮೊದಲು 60 ಗೋಣಿ, ಬೇಯಿಸಿದ ಮೇಲೆ ಕಟ್ಟಿಂಗಿಗೆ ಮೊದಲು 80, ಬೋರ್ಮಾಕ್ಕೆ ಮೊದಲು 20, ಪೀಲಿಂಗಿಗೆ ಮೊದಲು 120, ಗ್ರೇಡಿಂಗಿಗೆ ಮೊದಲು 80, ಪ್ಯಾಕಿಂಗಿಗೆ ಮೊದಲು 200, ಪ್ಯಾಕ್ ಆಗಿ ಲಾರಿಗೆ ಕಾಯುವುದು 160. ಒಟ್ಟು 720 ಗೋಣಿ, ಅಂದರೆ 18 ದಿನ. ಹಾಳೆಯ ತಳದಲ್ಲಿ ಮೆಟ್ಟಿಲಿನ ಆಕಾರದ ಗೆರೆ ಎಳೆದು, ಮೇಲಿನ ಮೆಟ್ಟಿಲುಗಳಲ್ಲಿ ಈ ದಿನಗಳನ್ನೂ ಕೆಳಗಿನವುಗಳಲ್ಲಿ ಕೆಲಸದ ನಿಮಿಷಗಳನ್ನೂ ಬರೆಯಿರಿ. ಒಂದು ಗೋಣಿಗೆ ಗಾತ್ರ ಬೇರ್ಪಡಿಸಲು 4, ಬೇಯಿಸಲು 25, ಕಟ್ಟಿಂಗಿಗೆ 40, ಬೋರ್ಮಾದಲ್ಲಿ 420, ಪೀಲಿಂಗಿಗೆ 60, ಗ್ರೇಡಿಂಗಿಗೆ 45, ಪ್ಯಾಕಿಂಗಿಗೆ 10. ಕೂಡಿದರೆ 604 ನಿಮಿಷ, ಸುಮಾರು 10 ಗಂಟೆ. ಹದಿನೆಂಟು ದಿನ ಒಂದು ಕಡೆ, ಹತ್ತು ಗಂಟೆ ಇನ್ನೊಂದು ಕಡೆ. ಇದನ್ನು ಮೊದಲ ಸಲ ಬರೆದು ನೋಡಿದಾಗ ಕೂಡಿಸಿದ್ದು ತಪ್ಪಾಗಿರಬೇಕೆಂದು ಎಲ್ಲರೂ ಮತ್ತೊಮ್ಮೆ ಕೂಡಿಸುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ.

ಕಾಯುವಿಕೆಯನ್ನು ಬಿಡಿಸಿ ನೋಡುವುದು

ಇಲ್ಲಿ ಅವಸರ ಸಲ್ಲದು. ಪ್ರತಿ ತ್ರಿಕೋನವನ್ನೂ ಎರಡು ಪಾಲು ಮಾಡಿ: ಹದಕ್ಕಾಗಿ ಕಾಯುವುದು ಎಷ್ಟು, ಸರದಿಗಾಗಿ ಕಾಯುವುದು ಎಷ್ಟು. ಬೇಯಿಸಿದ ಬೀಜವನ್ನು ಹರಡಿ ರಾತ್ರಿಯಿಡೀ ಆರಲು ಬಿಡದಿದ್ದರೆ ಕಟ್ಟಿಂಗಿನಲ್ಲಿ ಇಡಿ ತಿರುಳು ಸಿಗುವುದಿಲ್ಲ, ಹಾಗಾಗಿ ಅಲ್ಲಿನ 80 ಗೋಣಿಗಳಲ್ಲಿ 40 ನ್ಯಾಯವಾಗಿಯೇ ಕಾಯುತ್ತಿವೆ. ಉಳಿದ 40 ಸುಮ್ಮನೆ ಕೂತಿವೆ. ಹದದ ಪಾಲಿಗೆ ಹಸಿರು, ಸರದಿಯ ಪಾಲಿಗೆ ಕೆಂಪು ಬಣ್ಣ ಬಳಿಯುವುದು ನನ್ನ ರೂಢಿ. ಕೆಲವು ತ್ರಿಕೋನಗಳಲ್ಲಿ ಹಸಿರು ಇರುವುದೇ ಇಲ್ಲ.

ಬೋರ್ಮಾ ಮತ್ತು ಪೀಲಿಂಗ್ ನಡುವಿನ ತ್ರಿಕೋನ ಇವುಗಳಲ್ಲೆಲ್ಲ ಮುಖ್ಯವಾದದ್ದು. ಒಂದು ಆಷಾಢದಲ್ಲಿ ಪೀಲಿಂಗ್ ಮೇಜಿನ ಬಳಿ ಕೂತು ಅಲ್ಲಿನ ಹಿರಿಯ ಕೆಲಸಗಾರ್ತಿಯೊಬ್ಬರನ್ನು, "ಅಕ್ಕ, ನಿನ್ನೆಗಿಂತ ಇವತ್ತು ಯಾಕೆ ನಿಧಾನ?" ಎಂದು ಕೇಳಿದೆ. ಅವರು ಮಾತಾಡದೆ ಎರಡು ಕ್ರೇಟುಗಳಿಂದ ಒಂದೊಂದು ತಿರುಳು ತೆಗೆದು ನನ್ನ ಅಂಗೈಯಲ್ಲಿಟ್ಟರು. ಒಂದನ್ನು ಹೆಬ್ಬೆರಳಿನಿಂದ ಮೆಲ್ಲನೆ ಉಜ್ಜಿದ್ದೇ ತಡ, ಕೆಂಪು ಸಿಪ್ಪೆ ಒಣ ಎಲೆಯಂತೆ ಸಿಡಿದು ಬಿಟ್ಟುಕೊಂಡಿತು. ಇನ್ನೊಂದರ ಸಿಪ್ಪೆ ಬಟ್ಟೆಯಂತೆ ಮೆತ್ತಗಾಗಿ ತಿರುಳಿಗೆ ಅಂಟಿಕೊಂಡಿತ್ತು. ಉಗುರು ಹಾಕಿ ಎಬ್ಬಿಸಿದರೆ ತಿರುಳೇ ಎರಡು ಹೋಳಾಯಿತು. "ಇದು ಮೂರು ದಿನದ ಹಿಂದಿನದು ಸರ್, ಥಂಡಿ ಹಿಡಿದಿದೆ. ಅದು ಬೆಳಿಗ್ಗೆ ಬೋರ್ಮಾದಿಂದ ಬಂದದ್ದು" ಎಂದರು.

ನಕ್ಷೆಯ ತಿರುವೇ ಆ ಮಾತಿನಲ್ಲಿತ್ತು. ಪೀಲಿಂಗ್ ನಿಧಾನವಾದ್ದರಿಂದ ರಾಶಿ ಬೆಳೆದಿದೆ ಎಂದು ನಾವು ತಿಳಿದಿದ್ದೆವು. ರಾಶಿ ಬೆಳೆದದ್ದರಿಂದ ಪೀಲಿಂಗ್ ನಿಧಾನವಾಗುತ್ತಿತ್ತು ಎಂಬುದೂ ಅಷ್ಟೇ ನಿಜ. ಮಳೆಗಾಲದ ಕರಾವಳಿಯ ಗಾಳಿಯಲ್ಲಿ ತೆರೆದ ಕ್ರೇಟಿನಲ್ಲಿ ಕೂತ ತಿರುಳು ನೀರಿನಂಶ ಹೀರುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ, ಯಂತ್ರದಲ್ಲಿ ಬಿಡದೆ ಉಳಿದದ್ದು ಕೈಕೆಲಸಕ್ಕೆ ಬರುತ್ತದೆ, ಕೈಕೆಲಸ ಹೆಚ್ಚಿದಂತೆ ರಾಶಿ ಇನ್ನೂ ಬೆಳೆಯುತ್ತದೆ. ಜೊತೆಗೆ ಇಡಿ ಬೀಜ ಹೋಳಾಗಿ, ತುಂಡಾಗಿ ಬೆಲೆ ಕಳೆದುಕೊಳ್ಳುತ್ತದೆ. ಇನ್ನೊಂದು ಪೀಲಿಂಗ್ ಯಂತ್ರ ತರಿಸೋಣವೆಂದು ಯೋಚಿಸುವ ಕಾರ್ಖಾನೆಗಳು ಮೊದಲು ಈ ಒಂದು ತ್ರಿಕೋನವನ್ನು ಕಿರಿದುಮಾಡಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮುಂದಿನ ಸ್ಥಿತಿಯ ನಕ್ಷೆ

ಈಗಿನ ನಕ್ಷೆ ಮುಗಿದ ಮೇಲೆ, ಮೂರು ತಿಂಗಳ ನಂತರ ಹೇಗಿರಬೇಕು ಎಂಬ ಎರಡನೆಯ ನಕ್ಷೆಯನ್ನು ಹೊಸ ಹಾಳೆಯಲ್ಲಿ ಬರೆಯಬೇಕು. ಕಾಲೆಳೆಯುತ್ತಿರುವ ಹಂತದಿಂದಲೇ ಆರಂಭಿಸಿ. ನಮ್ಮ ಮಾದರಿಯಲ್ಲಿ ತಲಾ 20 ಗೋಣಿ ಹಿಡಿಸುವ ಎರಡು ಬೋರ್ಮಾಗಳಿದ್ದು, ಎರಡನ್ನೂ ಬೆಳಿಗ್ಗೆ ಒಟ್ಟಿಗೆ ಬಿಚ್ಚುತ್ತಾರೆ ಎಂದುಕೊಳ್ಳಿ. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ಬಿಚ್ಚುವಂತೆ ತುಂಬಿಸುವ ಹೊತ್ತನ್ನು ಬದಲಿಸಿದರೆ ಪೀಲಿಂಗಿಗೆ ಅರ್ಧ ದಿನಕ್ಕೆ ಬೇಕಾದಷ್ಟು ಹೊಸ ತಿರುಳು ಸಿಗುತ್ತದೆ. ನಡುವೆ ನೆಲದ ಮೇಲೆ ಬಣ್ಣದ ಗೆರೆ ಎಳೆದು, 20 ಗೋಣಿಯಷ್ಟು ಮುಚ್ಚಳವಿರುವ ಡಬ್ಬಗಳಿಗೆ ಮಾತ್ರ ಜಾಗ ಕೊಡಿ. ಒಂದು ತುದಿಯಿಂದ ಇಟ್ಟು ಇನ್ನೊಂದು ತುದಿಯಿಂದ ತೆಗೆಯುವಂತಿದ್ದರೆ ಮೊದಲು ಬಂದದ್ದು ಮೊದಲು ಹೋಗುತ್ತದೆ. ಆ ಜಾಗ ತುಂಬಿದ್ದರೆ ಮುಂದಿನ ಸಲ ಬೋರ್ಮಾಕ್ಕೆ ಹಾಕುವಂತಿಲ್ಲ. ಈಗಿರುವ ಹಳೆಯ 120 ಗೋಣಿಯನ್ನು ಮಾತ್ರ ಬದಲಾವಣೆಗೆ ಮೊದಲೇ, ಕೆಲವು ದಿನ ಕಟ್ಟಿಂಗನ್ನು ತಗ್ಗಿಸಿ ಮುಗಿಸಿಬಿಡಬೇಕು. ಆ ದಿನಗಳಲ್ಲಿ ಕಟ್ಟಿಂಗಿನವರ ಕೂಲಿಯನ್ನು ಮಾಲೀಕರು ತುಂಬಿಕೊಡಬೇಕು. ಮೊದಲು ಕೊಟ್ಟ ಮಾತಿನ ಪರೀಕ್ಷೆ ಆಗುವುದು ಅಲ್ಲಿಯೇ. ಹೊಸ ತಿರುಳಿನಲ್ಲಿ ತಂಡದ ಸಮಯ 60ರಿಂದ 55 ನಿಮಿಷಕ್ಕೆ ಇಳಿದರೂ ಸಾಕು, ಐದು ತಂಡಗಳಿಗೆ 11 ನಿಮಿಷವಾಗಿ ತಾಳದೊಳಗೆ ಬರುತ್ತದೆ.

ಪ್ಯಾಕಿಂಗಿನ ಮುಂದಿನ 200 ಗೋಣಿಯ ಕತೆ ಬೇರೆ. ಲೀನ್ ಪಾಠಗಳಲ್ಲಿ, ಗ್ರಾಹಕರು ಕೇಳಿದ್ದನ್ನು ಕೇಳಿದಾಗ ಮಾಡಿ ಎನ್ನುತ್ತಾರೆ. ಗೇರುಬೀಜದಲ್ಲಿ ಬೇಕಾದ ಗ್ರೇಡನ್ನಷ್ಟೇ ತಯಾರಿಸಲು ಬರುವುದಿಲ್ಲ. ಒಂದೇ ಗೋಣಿಯಿಂದ ಪೌಂಡಿಗೆ 220ರಿಂದ 240 ತಿರುಳು ತೂಗುವ ಡಬ್ಲ್ಯೂ 240, ಪೌಂಡಿಗೆ 300ರಿಂದ 320 ತೂಗುವ ಡಬ್ಲ್ಯೂ 320, ಹೋಳು, ತುಂಡು ಎಲ್ಲವೂ ಹುಟ್ಟುತ್ತವೆ. ಆರ್ಡರ್ ಇರುವುದು ಡಬ್ಲ್ಯೂ 320ಕ್ಕೆ ಆದರೂ ಉಳಿದದ್ದು ಬೇಡವೆನ್ನಲಾಗದು. ಆದ್ದರಿಂದ ಕಾರ್ಡ್ ನೋಡಿ ಮಾಲು ಎಳೆಯುವ ಕಾನ್‌ಬಾನ್ ಪದ್ಧತಿಯನ್ನು ಗ್ರೇಡಿಂಗಿನವರೆಗೆ ಒಟ್ಟು ಗೋಣಿಯ ಲೆಕ್ಕದಲ್ಲಿ ನಡೆಸಿ, ಗ್ರೇಡಿಂಗ್ ದಾಟಿದ ಮೇಲಷ್ಟೇ ಗ್ರೇಡುವಾರು ನೋಡಬೇಕು. ಒಂದು ಗ್ರೇಡಿನ ಇಡೀ ಲಾಟ್ ಕೂಡಿಬರುವವರೆಗೆ ತೆರೆದ ಕ್ರೇಟಿನಲ್ಲಿ ಕಾಯಿಸುವ ಬದಲು, ಆಯಾ ದಿನದ್ದನ್ನು ಆಯಾ ದಿನವೇ ಡಬ್ಬಕ್ಕೆ ತುಂಬಿ ಗಾಳಿಯಾಡದಂತೆ ಮುಚ್ಚಿ, ಲಾಟನ್ನು ಸಿದ್ಧ ಮಾಲಿನ ಕೋಣೆಯಲ್ಲಿ ಕೂಡಿಸಬಹುದು. ಕಾಯುವುದು ಅಲ್ಲೂ ಇರುತ್ತದೆ, ಆದರೆ ಥಂಡಿ ಹಿಡಿಯುವುದಿಲ್ಲ, ಹುಳ ಬೀಳುವ ಭಯವೂ ಕಡಿಮೆ. ಬೇರೆ ಬೇರೆ ದಿನದ ಮಾಲು ಸೇರುವುದರಿಂದ ಡಬ್ಬದ ಮೇಲೆ ದಿನಾಂಕ, ಬೀಜದ ಮೂಲ ಬರೆಯುವುದನ್ನು ಮರೆಯಬಾರದು.

ಉಳಿದ ತ್ರಿಕೋನಗಳನ್ನೂ ಇದೇ ರೀತಿ ಮಿತಿಗೊಳಿಸುತ್ತಾ ಹೋದರೆ, ಬೇಯಿಸುವ ಮೊದಲು 20, ಕಟ್ಟಿಂಗಿಗೆ ಮೊದಲು ಆರಲು ಬಿಟ್ಟ 40, ಬೋರ್ಮಾಕ್ಕೆ 10, ಪೀಲಿಂಗಿಗೆ 20, ಗ್ರೇಡಿಂಗಿಗೆ 20, ಪ್ಯಾಕಿಂಗಿಗೆ 40, ಸಿದ್ಧ ಮಾಲು ಸದ್ಯಕ್ಕೆ ಮೊದಲಿನಂತೆಯೇ 160. ಒಟ್ಟು 310 ಗೋಣಿ, ಎಂಟು ದಿನಕ್ಕೂ ಕಡಿಮೆ. ಈ ಅಂಕಿಗಳು ಗುರಿ ಮಾತ್ರ. ಮೊದಲ ತಿಂಗಳಲ್ಲಿ ಪೀಲಿಂಗಿನ ಒಂದು ತ್ರಿಕೋನ ಕಿರಿದಾದರೆ ಅದೇ ದೊಡ್ಡದು; ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋದ ಕಡೆ ಯಾವ ಬದಲಾವಣೆಯಿಂದ ಏನಾಯಿತೆಂದು ತಿಳಿಯದೆ ಗೊಂದಲವಾದದ್ದನ್ನು ನೋಡಿದ್ದೇನೆ.

ಹೊರಗಿನವರ ನೆರವು ಬೇಕೆನಿಸುವ ಸಣ್ಣ ಕಾರ್ಖಾನೆಗಳಿಗೆ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಆರಂಭಿಸಿದ ಎಂಎಸ್ಎಂಇ ಕಾಂಪಿಟಿಟಿವ್ ಲೀನ್ ಯೋಜನೆ ಇದೆ. ಉದ್ಯಮ್ ನೋಂದಣಿ ಇರುವ ಘಟಕಗಳು ಇದರ ಬೇಸಿಕ್, ಇಂಟರ್‌ಮೀಡಿಯೇಟ್, ಅಡ್ವಾನ್ಸ್‌ಡ್ ಎಂಬ ಮೂರು ಹಂತಗಳಲ್ಲಿ ಸೇರಬಹುದು. ಸಲಹೆಗಾರರ ವೆಚ್ಚದ 90 ಶೇಕಡಾ ಭಾಗವನ್ನು ಸರ್ಕಾರ ಭರಿಸುತ್ತದೆ. ಆದರೆ ಮೊದಲ ನಕ್ಷೆಯನ್ನು ನಿಮ್ಮವರೇ ಬರೆದಿರಲಿ. ಸಲಹೆಗಾರರು ಬರೆದುಕೊಟ್ಟ ನಕ್ಷೆ ಆಫೀಸಿನ ಗೋಡೆ ಸೇರುತ್ತದೆ, ಮೇಸ್ತ್ರಿ ಬರೆದದ್ದು ಕಟ್ಟಿಂಗ್ ವಿಭಾಗದಲ್ಲೇ ಉಳಿಯುತ್ತದೆ.

ನಕ್ಷೆಯನ್ನು ಜೀವಂತವಾಗಿಡಲು ದಿನಕ್ಕೆ ಹತ್ತು ನಿಮಿಷ ಸಾಕು. ಪೀಲಿಂಗ್ ವಿಭಾಗದ ಬಾಗಿಲ ಬಳಿ ಹಾಳೆಯನ್ನು ತೂಗುಹಾಕಿ, ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ರೈಟರು ಪ್ರತಿ ತ್ರಿಕೋನದ ಗೋಣಿಗಳನ್ನು ಎಣಿಸಿ ಪೆನ್ಸಿಲಿನಲ್ಲಿ ಬರೆಯಲಿ. ಮಿತಿ ದಾಟಿದ ಅಂಕಿಗೆ ಸುತ್ತು ಹಾಕಿ, ಪಕ್ಕದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಿ. ಕರಾವಳಿಯವರು ವರ್ಷಕ್ಕೆ ಎರಡು ಸಲ ಪೂರ್ತಿ ನಕ್ಷೆ ಬರೆಯುವುದು ಅಗತ್ಯ: ಅಂಗಳದಲ್ಲಿ ಬೀಜ ಹರಡಿ ಒಣಗಿಸುವ ಏಪ್ರಿಲಿನಲ್ಲಿ ಒಮ್ಮೆ, ಅಂಗಳಕ್ಕೆ ಕಾಲಿಡಲಾಗದ ಜುಲೈಯಲ್ಲಿ ಇನ್ನೊಮ್ಮೆ. ಏಪ್ರಿಲಿನಲ್ಲಿ 20 ಗೋಣಿಯ ಮಿತಿ ಸರಿಯೆನಿಸಿದ ಜಾಗಕ್ಕೆ ಜುಲೈಯಲ್ಲಿ 10 ಕೂಡ ಹೆಚ್ಚಾಗಬಹುದು. ಅದನ್ನು ಗೊತ್ತುಮಾಡುವ ಮೊದಲು ಮೂರು ದಿನ ಬೆಳಿಗ್ಗೆ ಬೋರ್ಮಾದಿಂದ ತೆಗೆದ ತಿರುಳನ್ನೂ ಹಿಂದಿನ ದಿನದ್ದನ್ನೂ ಪಕ್ಕಪಕ್ಕದಲ್ಲಿಟ್ಟು, ಪೀಲಿಂಗ್ ಮೇಜಿನ ಅಕ್ಕಂದಿರ ಕೈಗೆ ಕೊಟ್ಟು ಕೇಳಿ.